ಹಿತ್ತಲಿಲ್ಲದ ಮನೆಯ ಬೆಕ್ಕು

ಸಂಸ್ಕೃತದಲ್ಲಿ ಬೆಕ್ಕಿಗೆ ಮಾರ್ಜಾರವೆಂದೂ ಮಾರ್ಜಾಲವೆಂದೂ ಹೆಸರು. ಒರೆಸು, ತೊಳೆ, ಶುಚಿಮಾಡು ಎಂಬ ಅರ್ಥವುಳ್ಳ ಧಾತುವಿನಿಂದ ಈ ಶಬ್ದ ಹುಟ್ಟಿರಬೇಕೆಂದು ಪಂಡಿತರು ಹೇಳುತ್ತಾರೆ. ಸಂಧ್ಯಾವಂದನೆಯ ಮಾರ್ಜನಕ್ಕೂ, ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ಮುಂಗಾಲು ನೆಕ್ಕಿ ಮುಖವೊರೆಸಿಕೊಳ್ಳುವ ಮಾರ್ಜಾಲಕ್ಕೂ ಹೀಗೆ ಶಬ್ದಶಾಸ್ತ್ರದ ನೆಂಟಸ್ತಿಕೆಯುಂಟು. ಇಂಥ ಪ್ರಾಣಿ ಒಂದು ಮನೆಯನ್ನು ಹೊಕ್ಕು, ಮೊದಲು ಜಮಖಾನವನ್ನೂ, ಆಮೇಲೆ ಹಾಸಿಗೆಯನ್ನೂ, ಕೊನೆಗೆ ಒಗೆದು ಮಡಿಸಿಟ್ಟ ಬಟ್ಟೆಯನ್ನೂ ಕೆಡಿಸತೊಡಗಿದರೆ ಮನೆಯವರು ಏನೆಂದು ತಿಳಿಯಬೇಕು? ಹೆಸರು ಸುಳ್ಳೆನ್ನಬೇಕೆ, ಬೆಕ್ಕು ಸುಳ್ಳೆನ್ನಬೇಕೆ?

ಈ ಪ್ರಶ್ನೆ ನನಗೆ ನಿಘಂಟಿನಿಂದ ಬಂದದ್ದಲ್ಲ. ನಾವಿರುವುದು ಬೆಂಗಳೂರಿನ ಪಶ್ಚಿಮಕ್ಕಿರುವ ವಿಜಯನಗರದಲ್ಲಿ. ಅದರಲ್ಲಿಯೂ ಹಂಪಿನಗರವೆಂಬ ಘನವಾದ ಹೆಸರಿನ ಭಾಗದಲ್ಲಿ. ಹೆಸರು ಸಾಮ್ರಾಜ್ಯದ್ದಾದರೂ ನಿವೇಶನ ಮಾತ್ರ ೩೦ ಅಡಿಗೆ ೪೦ ಅಡಿ. ಒಂದು ಭಾನುವಾರ ನನ್ನ ಮಗಳು ಬಸವೇಶ್ವರನಗರದಿಂದ ಒಂದು ಗಂಡುಬೆಕ್ಕನ್ನು ತಂದಳು. ಅಲ್ಲಿ ಆಕೆಯ ಗೆಳತಿಯ ಮನೆಯ ಎದುರಿಗೆ ಕಟ್ಟಡವೊಂದು ಏಳುತ್ತಿತ್ತು. ಕೆಲಸದವರು ಹಾಕುತ್ತಿದ್ದ ಅನ್ನವನ್ನು ತಿಂದು ಮರಳುರಾಶಿಯ ಮೇಲೆ ಬೆಳೆದ ಬೆಕ್ಕು ಇದು. ಕಟ್ಟಡ ಮುಗಿಯಿತು, ಕೆಲಸದವರು ಹೊರಟರು, ಬೆಕ್ಕು ಉಳಿಯಿತು. ಸುಮಾರು ಒಂದು ವರ್ಷದ ಪ್ರಾಯ. ಕೆಂಪು ಮೈ, ಬಾಲಕ್ಕೆ ಪಟ್ಟೆ. ಕೆಂಚನೆಂದು ಹೆಸರಾಯಿತು. ಅವನೊಡನೆ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ತಟ್ಟೆಯೂ, ಅದಕ್ಕೆ ಸುರಿಯತಕ್ಕ ಮಲ್ಲಿಗೆಯ ಪರಿಮಳದ ಕಾಳುಗಳ ಚೀಲವೂ ಬಂದವು. ಬೆಕ್ಕಿನ ಶೌಚಕ್ಕೆ ಇಷ್ಟು ವೈಭವ ಸಾಲದೆಂದು ಯಾರೂ ಹೇಳುವಂತಿರಲಿಲ್ಲ.

ಕೆಂಚ ಹೇಳಿದ. ಮೊದಲನೆಯ ದಿನವೆಲ್ಲ ಮಂಚದ ಕೆಳಗೆ ಅಡಗಿದ್ದವನು ರಾತ್ರಿ ಹೊರಬಂದು, ಪರಿಮಳದ ತಟ್ಟೆಯನ್ನು ಒಮ್ಮೆ ಮೂಸಿ, ಕಾಲು ಕೊಡವಿ, ನಡುಮನೆಯ ಜಮಖಾನದ ಮೇಲೆ ತನ್ನ ಅಭಿಪ್ರಾಯವನ್ನು ಸೂಚಿಸಿದ. ನಾನು ಒಂದು ಪುಸ್ತಕವಿಟ್ಟು ದಿನ, ಹೊತ್ತು, ಸ್ಥಳಗಳನ್ನು ಬರೆಯುತ್ತ ಬಂದೆ. ಹನ್ನೊಂದು ದಿನಗಳಲ್ಲಿ ಒಂಬತ್ತು ಸಲ. ಜಮಖಾನ, ಮಗಳ ಹಾಸಿಗೆ, ಬಾಗಿಲ ಬಳಿಯ ಕಾಲೊರಸು, ಹಳೆಯ ಪತ್ರಿಕೆಗಳ ಕಟ್ಟು. ಹನ್ನೊಂದನೆಯ ದಿನ ನಮ್ಮ ತಾಯಿಯವರ ಮಡಿಸೀರೆ. ಮನೆಯಲ್ಲಿ ಅಂದು ಯಾರೂ ಹೆಚ್ಚು ಮಾತನಾಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ, "ನೋಡಪ್ಪಾ, ಅಮಾವಾಸ್ಯೆಯ ತನಕ ನೋಡುತ್ತೇನೆ. ಆಮೇಲೆ ಈ ಮನೆಯಲ್ಲಿ ಅದಿರಬೇಕು, ಇಲ್ಲ ನಾನಿರಬೇಕು" ಎಂದರು. ಅಮಾವಾಸ್ಯೆಗೆ ಎಂಟು ದಿನವಿತ್ತು.

ಬೆಕ್ಕಿನ ವಿಷಯದಲ್ಲಿ ಸಲಹೆ ಕೊಡದವರಿಲ್ಲ. ಪಕ್ಕದ ಮನೆಯ ಹಿರಿಯರು ಅದರ ಮೂತಿಯನ್ನು ಅದು ಕೆಡಿಸಿದ ಜಾಗಕ್ಕೇ ತಿಕ್ಕಬೇಕೆಂದರು. ಇದರಿಂದ ಬೆಕ್ಕು ಕಲಿಯುವುದು ಒಂದೇ ಪಾಠ: ಮನುಷ್ಯರೆದುರಿಗೆ ಈ ಕೆಲಸ ಮಾಡಬಾರದು, ಮರೆಯಲ್ಲಿ ಮಾಡಬೇಕು. ಆಮೇಲೆ ಅದು ಬೀರುವಿನ ಹಿಂದಿನ ಸಂದಿಯನ್ನು ಹುಡುಕುತ್ತದೆ. ರಾಜಾಜಿನಗರದಲ್ಲಿರುವ ನಮ್ಮ ಷಡ್ಡಕರ ಸಲಹೆ ಇನ್ನೂ ಸರಳ. "ಗೋಣಿಚೀಲಕ್ಕೆ ಹಾಕಿ ಕೆಂಗೇರಿಯ ಆಚೆ ಬಿಟ್ಟುಬಿಡಿ. ಕೊಲ್ಲುವ ಪಾಪವೂ ಇಲ್ಲ, ಕಾಟವೂ ತಪ್ಪಿತು" ಎಂದರು.

ಗೋಣಿಚೀಲದ ಈ ಶಾಸ್ತ್ರ ನಮ್ಮಲ್ಲಿ ಹಳೆಯದು. ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂಬ ನಂಬಿಕೆಯಿದ್ದುದರಿಂದ ಯಾರೂ ಕೊಲ್ಲುತ್ತಿರಲಿಲ್ಲ; ಹೊಳೆ ದಾಟಿಸಿ ಬಿಡುತ್ತಿದ್ದರು. ಬಿಟ್ಟ ಬೆಕ್ಕು ಹಸಿವಿನಿಂದಲೋ ನಾಯಿಯ ಬಾಯಿಂದಲೋ ಸತ್ತರೆ ಅದು ಚಿತ್ರಗುಪ್ತನ ಪುಸ್ತಕದಲ್ಲಿ ಯಾರ ಲೆಕ್ಕಕ್ಕೆ ಬರುವುದೋ ತಿಳಿಯದು. ನಮ್ಮ ದೇಶದ ಕಾಯಿದೆ ಮಾತ್ರ ಈ ಲೆಕ್ಕವನ್ನು ಸ್ಪಷ್ಟವಾಗಿ ಬರೆದಿಟ್ಟಿದೆ. ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟುಹಿಡಿದು ಮಾಡಿದ ಪ್ರಯತ್ನದ ಫಲವಾಗಿ ಬಂದ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ೧೧ನೆಯ ವಿಧಿಯ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದು ಅಪರಾಧ. ಮಡಿಸೀರೆ ತಕ್ಕ ಕಾರಣವಾಗುವುದೋ ಇಲ್ಲವೋ ನ್ಯಾಯಾಧೀಶರು ಹೇಳಬೇಕು. ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕೆಂಚ ಬಚ್ಚಲುಮನೆಯ ಮೂಲೆಯಲ್ಲಿ ಕುಳಿತು ಮುಕ್ಕುತ್ತಿದ್ದುದನ್ನು ಕಂಡೆ. ಎದ್ದ, ಎರಡು ಹೆಜ್ಜೆ ನಡೆದ, ಮತ್ತೆ ಕುಳಿತ. ಬಂದದ್ದು ನಾಲ್ಕು ಹನಿ. ಅದರಲ್ಲಿ ಕೆಂಪು ಛಾಯೆ. ಒಂದು ಸಣ್ಣ ದನಿ ತೆಗೆದ. ಇದು ದುರ್ಗುಣದ ದನಿಯಲ್ಲವೆಂದು ಅಮ್ಮನಿಗೂ ತಿಳಿಯಿತು. ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿಕೊಟ್ಟವರು ಅವರೇ.

ಪಶುವೈದ್ಯರು ಹೆಬ್ಬಾಳದ ಕಾಲೇಜಿನಲ್ಲಿ ಓದಿದ ತರುಣಿ. ಮೊದಲು ಹೊಟ್ಟೆಯನ್ನು ಮೆಲ್ಲನೆ ಒತ್ತಿ ನೋಡಿ, "ಸದ್ಯ, ಕಟ್ಟಿಲ್ಲ" ಎಂದರು. ಗಂಡುಬೆಕ್ಕಿನ ಮೂತ್ರನಾಳ ಬಹು ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ವಿಷ ರಕ್ತಕ್ಕೇರಿ ಎರಡು ಮೂರು ದಿನಗಳಲ್ಲಿಯೇ ಪ್ರಾಣಕ್ಕೆ ಕುತ್ತು. ಮುಕ್ಕಿದರೂ ಮೂತ್ರ ಬಾರದ ಗಂಡುಬೆಕ್ಕನ್ನು ನಾಳೆ ನೋಡೋಣವೆನ್ನದೆ ಆ ಗಳಿಗೆಯಲ್ಲಿಯೇ ವೈದ್ಯರ ಬಳಿಗೆ ಒಯ್ಯಬೇಕು. ಬೆಕ್ಕು ಸಾಕುವವರು ಬೇರೇನನ್ನು ಮರೆತರೂ ಈ ಒಂದು ಮಾತನ್ನು ಮರೆಯಬಾರದು. ಕೆಂಚನಿಗೆ ಆಗಿದ್ದುದು ಮೂತ್ರಕೋಶದ ಉರಿಯೂತ. ಹೊಸ ಮನೆ, ಹೊಸ ವಾಸನೆ, ಹೊಸ ಮುಖಗಳು. ಇಂಥ ಕಳವಳವೇ ಬೆಕ್ಕಿನ ಮೂತ್ರಕೋಶವನ್ನು ಕೆರಳಿಸಬಲ್ಲದೆಂದು ವೈದ್ಯರು ವಿವರಿಸಿದರು.

ನನ್ನ ಪುಸ್ತಕ ಆಗ ಉಪಯೋಗಕ್ಕೆ ಬಂದಿತು. "ನಿಂತು ಮಾಡುತ್ತದೆಯೋ, ಕುಳಿತು ಮಾಡುತ್ತದೆಯೋ? ಗೋಡೆಗೋ, ನೆಲಕ್ಕೋ?" ಎಂದು ಕೇಳಿದರು. ನಿಂತು, ಬಾಲವೆತ್ತಿ ನಡುಗಿಸುತ್ತ, ಗೋಡೆಗೆ ಚಿಮುಕಿಸಿದರೆ ಅದು ಶೌಚವಲ್ಲ, ಗಡಿಕಲ್ಲು ನೆಡುವ ಕೆಲಸ. ಬಡಾವಣೆಗಳಲ್ಲಿ ನಾವು ನಿವೇಶನಕ್ಕೆ ತಂತಿ ಬೇಲಿ ಹಾಕಿಸುವಂತೆ. ಬೀಜ ತೆಗೆಸಿದರೆ ಗಂಡುಬೆಕ್ಕುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಈ ಅಭ್ಯಾಸವನ್ನು ಬಿಡುತ್ತವೆ ಅಥವಾ ಬಹಳ ಮಟ್ಟಿಗೆ ತಗ್ಗಿಸುತ್ತವೆ. ಕುಳಿತು ನೆಲಕ್ಕೆ ಮಾಡಿದರೆ ವಿಷಯ ಬೇರೆ. ರೋಗವಿರಬೇಕು, ಇಲ್ಲವೆ ನಾವು ಕೊಟ್ಟ ಜಾಗ ಅದಕ್ಕೆ ಹಿಡಿಸಿರಲಾರದು. ಕೆಂಚನಿಗೆ ಎರಡೂ ಇದ್ದವು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ಕೇಳದ ಕನ್ನಡ ಮಕ್ಕಳಿಲ್ಲ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಾಗಿ, ಕೃಷ್ಣದೇವರಾಯನು ಮನೆಮನೆಗೂ ಒಂದು ಬೆಕ್ಕನ್ನೂ ಅದರ ಹಾಲಿಗಾಗಿ ಒಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ. ಬಾಯಿ ಸುಟ್ಟ ಬೆಕ್ಕು ಆಮೇಲೆ ಹಾಲಿನ ಬಟ್ಟಲನ್ನು ಕಂಡರೆ ಓಡುತ್ತಿತ್ತು. ಹಾಲೆಲ್ಲ ರಾಮಕೃಷ್ಣನ ಪಾಲಾಯಿತು. ನಾವು ನಗುವುದು ಅವನ ಚಾತುರ್ಯಕ್ಕೆ. ಆದರೆ ಕತೆಯ ಒಳಗಿನ ಶಾಸ್ತ್ರ ಬೆಕ್ಕಿನದು: ನೋವನ್ನು ಅದು ರೋಗಕ್ಕೆ ಜೋಡಿಸದು, ನೋವಾದ ಸ್ಥಳಕ್ಕೆ ಜೋಡಿಸುತ್ತದೆ. ತಟ್ಟೆಯಲ್ಲಿ ಕುಳಿತಾಗ ಉರಿದರೆ ತಟ್ಟೆಯೇ ಉರಿಯುತ್ತದೆಂದು ತಿಳಿದು, ಉರಿಯದ ಜಾಗವನ್ನು ಹುಡುಕಿ ಹಾಸಿಗೆಗೆ ಬರುತ್ತದೆ. ಮೆತ್ತನೆಯ ಹಾಸಿಗೆಯನ್ನು ಅದು ಆರಿಸುವುದು ನಮ್ಮ ಮೇಲಿನ ಹಗೆಯಿಂದಲ್ಲ.

ಎರಡನೆಯ ಮಾತು ತಟ್ಟೆಯದು. ಮರಿಯಾಗಿದ್ದಾಗ ಯಾವ ನೆಲವನ್ನು ಕೆರೆದು ಅಭ್ಯಾಸವಾಯಿತೋ ಬೆಕ್ಕು ಮುಂದೆಯೂ ಅದನ್ನೇ ಬಯಸುವುದು ಸಹಜ. ಅದರ ಮೂಲಪುರುಷ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣನೆಲದ ಕಾಡುಬೆಕ್ಕು. ನೀರನ್ನು ಉಳಿಸುವ ಆ ದೇಹದ ಮೂತ್ರ ಸಾಂದ್ರವಾದದ್ದು; ಅದರಲ್ಲಿ ಗಂಧಕವುಳ್ಳ ಫೆಲಿನೀನ್ ಎಂಬ ವಸ್ತು ಇರುವುದರಿಂದ ಹೊತ್ತು ಕಳೆದಂತೆ ನಾತ ಏರುತ್ತದೆ. ಇದನ್ನು ಮಣ್ಣಿನಲ್ಲಿ ಮುಚ್ಚುವುದು ಬೆಕ್ಕಿನ ಕುಲಧರ್ಮ. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಜನ ಬೆಕ್ಕಿನ ಪೆಟ್ಟಿಗೆಗೆ ಬೂದಿ, ಮರಳುಗಳನ್ನೇ ಹಾಕುತ್ತಿದ್ದರು. ೧೯೪೭ರಲ್ಲಿ ಮಿಷಿಗನ್ ಸಂಸ್ಥಾನದ ಕ್ಯಾಸೊಪೊಲಿಸ್ ಎಂಬ ಊರಿನಲ್ಲಿ ಮರಳು ಕೇಳಲು ಬಂದ ನೆರೆಯಾಕೆಗೆ ಎಡ್ ಲೋ ಎಂಬಾತ ಎಣ್ಣೆ ಹೀರಲು ಮಾರುತ್ತಿದ್ದ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟ. ಅದು ನಮ್ಮ ಮುಲ್ತಾನಿ ಮಣ್ಣಿನ ಜಾತಿಯದು. ಅಲ್ಲಿಂದ ಬೆಕ್ಕಿನ ಮಣ್ಣು ಚೀಲದಲ್ಲಿ ಮಾರುವ ಸರಕಾಯಿತು. ಪರಿಮಳ ಆಮೇಲಿನ ಸೇರ್ಪಡೆ. ಅದು ಕೊಳ್ಳುವವರ ಮೂಗಿಗಾಗಿ ಇರುವುದೇ ಹೊರತು ಬೆಕ್ಕಿಗಾಗಿ ಅಲ್ಲ. ನಮ್ಮ ಮೂಗಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಅದರ ಮೂಗಿಗೆ ಮಲ್ಲಿಗೆಯ ತಟ್ಟೆ ಒಂದು ಹಿಂಸೆ.

ಕೆಂಚನು ಮರಳಿನ ಮಗ. ಮುಂದಿನ ಬೀದಿಯ ಕಟ್ಟಡದಿಂದ ಒಂದು ಬಾಂಡಲಿ ಮರಳನ್ನು ಕೇಳಿ ತಂದು, ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಒಣಗಿಸಿ, ಎರಡು ಅಗಲವಾದ ಟಬ್ಬುಗಳಲ್ಲಿ ಮೂರು ಬೆರಳು ಎತ್ತರಕ್ಕೆ ಹರಡಿದೆವು. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಟಬ್ಬು ಇರಬೇಕೆಂಬುದು ವೈದ್ಯರ ಸೂತ್ರ. ಉಣ್ಣುವ ಬಟ್ಟಲಿನ ಪಕ್ಕದಲ್ಲಿಯೂ, ಬಟ್ಟೆ ಒಗೆಯುವ ಯಂತ್ರದ ಗದ್ದಲದಲ್ಲಿಯೂ ಅದನ್ನಿಡಬಾರದು. ಊಟದೆಲೆಯ ಬಳಿ ಬಚ್ಚಲನ್ನು ನಾವಾದರೂ ಒಪ್ಪುವೆವೇ? ದಿನಕ್ಕೆರಡು ಸಲ ಬಾಚಿ ತೆಗೆಯಬೇಕು. ಬೆಕ್ಕಿನ ಮಲದಿಂದ ಹರಡಬಲ್ಲ ಟಾಕ್ಸೊಪ್ಲಾಸ್ಮ ಎಂಬ ರೋಗಾಣು ಸೋಂಕು ತಗುಲಿಸುವ ಶಕ್ತಿ ಪಡೆಯಲು ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕಾದ್ದರಿಂದ ನಿತ್ಯದ ಶುಚಿಯೇ ಅದಕ್ಕೆ ಮದ್ದು. ಬಸುರಿಯರು ಮಾತ್ರ ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಕ್ಷೇಮ. ನೆಲಕ್ಕೆ ಫಿನಾಯಿಲು ಹಾಕುವುದನ್ನು ವೈದ್ಯರು ನಿಲ್ಲಿಸಿದರು. ಫೀನಾಲಿನ ವಿಷವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಕೆಟ್ಟ ಜಾಗವನ್ನು ಸೋಪಿನ ನೀರಿನಿಂದ ತೊಳೆದು, ಕಿಣ್ವ ಬೆರೆತ ದ್ರಾವಣದಿಂದ ವಾಸನೆಯ ಬೇರನ್ನೇ ತೆಗೆಯಬೇಕು. ಇಲ್ಲವಾದರೆ ನಮ್ಮ ಮೂಗಿಗೆ ಅಳಿಸಿದ ವಿಳಾಸ ಬೆಕ್ಕಿನ ಮೂಗಿಗೆ ಉಳಿದಿರುತ್ತದೆ.

ನೋವಿಗೆ ಔಷಧಿಯಾಯಿತು, ನೀರು ಹೆಚ್ಚು ಬೆರೆಸಿದ ಊಟವಾಯಿತು, ಕೆಲವು ದಿನ ಒಂದೇ ಕೋಣೆಯ ವಾಸವಾಯಿತು. ಮೂರನೆಯ ರಾತ್ರಿ ಕೋಣೆಯಿಂದ ಮರಳು ಕೆರೆಯುವ ಸದ್ದು ಕೇಳಿಸಿತು. ಅಮ್ಮ ಜಪಮಣಿಯನ್ನು ಕೈಯಲ್ಲಿ ಹಿಡಿದೇ ಬಾಗಿಲ ಸಂದಿಯಿಂದ ನೋಡಿದರು. ಕೆಂಚ ಗುಳಿ ತೋಡಿ, ಕುಳಿತು, ಎದ್ದು, ಮೂಸಿ ನೋಡಿ, ನಾಲ್ಕು ಕಡೆಯಿಂದಲೂ ಮರಳೆಳೆದು ಮುಚ್ಚಿದ. "ನೋಡಿದೆಯೇನೋ, ಶೌಚಕ್ಕೆ ಮೃತ್ತಿಕೆಯನ್ನು ಶಾಸ್ತ್ರವೇ ಹೇಳಿದೆ. ಮಣ್ಣಿಗೆಂಥ ಮೈಲಿಗೆ?" ಎಂದರು ಅಮ್ಮ. ಅಮಾವಾಸ್ಯೆ ಬಂದಿತು, ಹೋಯಿತು. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ. ಆ ಮೇಲೆ ಪಕ್ಕದ ಮನೆಯ ಗೋಡೆಗೆ ಯಂತ್ರದಿಂದ ತೂತು ಕೊರೆದ ದಿನ ಒಮ್ಮೆ ಜಮಖಾನ ಒದ್ದೆಯಾಯಿತು. ಅಂದು ಅಮ್ಮ ಬೈದದ್ದು ಯಂತ್ರದವರನ್ನು.

ಈಗ ಯೋಚಿಸಿದರೆ ಬೆಕ್ಕಿನ ಈ ಸಮಸ್ಯೆ ನಮ್ಮ ಅಜ್ಜಿಯರ ಕಾಲದಲ್ಲಿ ಅಷ್ಟಾಗಿ ಏಕೆ ಇರಲಿಲ್ಲವೆಂಬುದು ಅರ್ಥವಾಗುತ್ತದೆ. ಆಗ ಮನೆಗೊಂದು ಹಿತ್ತಲಿತ್ತು; ಬಾಳೆಯ ಬುಡ, ಬೂದಿಗುಂಡಿ, ದೊಡ್ಡಪತ್ರೆಯ ಪಾತಿ. ಬೆಕ್ಕು ಎಲ್ಲಿ ಹೋಗಿ ಬರುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಇಂದು ನಿವೇಶನದ ಅಂಚಿನವರೆಗೂ ಮನೆ, ಮನೆಯ ಅಂಚಿನವರೆಗೂ ಸಿಮೆಂಟು. ಮಣ್ಣನ್ನು ನಾವು ತೆಗೆದುಕೊಂಡೆವು. ಮಣ್ಣು ಹುಡುಕಿ ಸೋತ ಪ್ರಾಣಿಯನ್ನು ಕೊಳಕೆಂದೆವು.

ನಮ್ಮ ಷಡ್ಡಕರು ಬೆಕ್ಕನ್ನು ಬಿಡಬೇಕೆಂದ ಕೆಂಗೇರಿಯ ದಾರಿಯಲ್ಲಿಯೇ ವೃಷಭಾವತಿ ಹರಿಯುತ್ತದೆ. ಒಂದು ಕಾಲಕ್ಕೆ ಮೀಯುವ ನೀರಾಗಿದ್ದ ಆ ನದಿ, ನಮ್ಮೆಲ್ಲರ ಮನೆಗಳ ಬಚ್ಚಲನ್ನು ಹೊತ್ತು, ನೊರೆ ಕಾರುತ್ತ, ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯಲ್ಲಿ ಬೆರೆಯುತ್ತದೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಅಷ್ಟರಿಂದ ಶುಚಿಯಾದೆವೆಂದು ತಿಳಿಯುತ್ತೇವೆ. ಬೆಕ್ಕು ತಾನು ಮಾಡಿದ್ದನ್ನು ಮಣ್ಣೆಳೆದು ಮುಚ್ಚಿಯಾದರೂ ಹೋಗುತ್ತದೆ.