ಬಾಲಿ ಭಾಷೆ: ಯುವಜನರಿಗೆ ಪ್ರೇರಣೆ ಎಲ್ಲಿಂದ?

ಇಂಡೊನೇಷ್ಯದ ಬಾಲಿ ದ್ವೀಪದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿಯ ಬಾಲಿ ಭಾಷೆ ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರಿದ್ದು. ಅದರ ಸಾಂಪ್ರದಾಯಿಕ ಲಿಪಿ ಮಾತ್ರ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯಿಂದ ಹುಟ್ಟಿದ್ದು. ಸುಮಾರು 30 ಲಕ್ಷ ಜನ ಆಡುವ ಈ ಭಾಷೆಯೂ ಅಪಾಯದಿಂದ ಹೊರತಲ್ಲ. ಶಾಲೆ, ಕಚೇರಿಗಳಲ್ಲಿ ಇಂಡೊನೇಷ್ಯನ್, ಪ್ರವಾಸೋದ್ಯಮದಲ್ಲಿ ಇಂಗ್ಲಿಷ್ ಬಳಕೆಯಲ್ಲಿವೆ. ಹಲವು ಯುವಜನರು ಗೆಳೆಯರೊಡನೆಯೂ ಇಂಡೊನೇಷ್ಯನ್ನಿನಲ್ಲೇ ಮಾತನಾಡುತ್ತಾರೆ.

ಸ್ತರಗಳ ತೊಡಕು

ಇನ್ನೊಂದು ಕಾರಣ ಭಾಷೆಯ ಒಳಗೇ ಇದೆ. ಕನ್ನಡದಲ್ಲಿ 'ನೀನು ಬಾ', 'ನೀವು ಬನ್ನಿ' ಎನ್ನುವಾಗ ಸರ್ವನಾಮ ಮತ್ತು ಪ್ರತ್ಯಯ ಬದಲಾಗುತ್ತವೆ, ಧಾತು ಅದೇ. ಬಾಲಿಯಲ್ಲಿ ಹಲವೆಡೆ ಪದವೇ ಬೇರೆಯಾಗುತ್ತದೆ. 'ತಿನ್ನು' ಎಂಬುದಕ್ಕೆ ಸಭ್ಯ ರೂಪ 'ಙಜೆಂಗ್', ಒರಟು ರೂಪ 'ಙಮಾಹ್'. ಕೇಳುಗರ ಜಾತಿ, ವಯಸ್ಸು, ಸ್ಥಾನಗಳನ್ನು ನೋಡಿ ಪದವನ್ನು ಆರಿಸಬೇಕು. ತಪ್ಪಿದರೆ ಅಗೌರವ! ಹೀಗಾಗಿ ಅಳುಕುವ ಯುವಕ ಇಂಥ ಏಣಿಯಿಲ್ಲದ ಇಂಡೊನೇಷ್ಯನ್ನಿಗೆ ಜಾರುತ್ತಾನೆ. ಬಳಸದಿದ್ದರೆ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದರೆ ಅಳುಕು ಹೆಚ್ಚುತ್ತದೆ.

ಎರಡು ಬಗೆಯ ಪ್ರೇರಣೆ

ಕೆನಡಾದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಭಾಷಾಕಲಿಕೆಯ ಪ್ರೇರಣೆಯನ್ನು ಎರಡಾಗಿ ವಿಂಗಡಿಸಿದರು. ಉದ್ಯೋಗ, ಅಂಕಗಳಂಥ ಲಾಭಕ್ಕಾಗಿ ಕಲಿಯುವುದು ಸಾಧನ ಪ್ರೇರಣೆ. ಆ ಭಾಷೆಯನ್ನಾಡುವ ಜನರೊಡನೆ ಬೆರೆಯುವ ಬಯಕೆ ಸಮ್ಮಿಲನ ಪ್ರೇರಣೆ. ಇವರು ಗಮನಿಸಿದ್ದು ಎರಡನೆಯ ಭಾಷೆಯ ಕಲಿಕೆಯನ್ನು. ಆದರೂ ಈ ವಿಂಗಡಣೆ ಇಲ್ಲಿಯೂ ಉಪಯುಕ್ತ.

ಸಾಧನ ಪ್ರೇರಣೆಯಲ್ಲಿ ಬಾಲಿ ಭಾಷೆ ಇಂಗ್ಲಿಷಿಗೆ ಸಾಟಿಯಲ್ಲ. ಅದರ ಬಲವಿರುವುದು ಸಮ್ಮಿಲನದಲ್ಲಿ. ಅಲ್ಲಿ 'ಬಂಜಾರ್' ಎಂಬ ನೆರೆಹೊರೆಯ ಸಂಘಟನೆಗಳಿವೆ. ಅವುಗಳ ಯುವಕ ಸಂಘ 'ಸೆಕಾ ತರುಣ'. ಶಕ ಪಂಚಾಂಗದ ಹೊಸ ವರ್ಷವಾದ 'ಞೆಪಿ'ಯ ಮುನ್ನಾದಿನದ ಮೆರವಣಿಗೆಗೆ ಈ ತರುಣರು ವಾರಗಟ್ಟಲೆ ಕೂಡಿ 'ಓಗೊ-ಓಗೊ' ಎಂಬ ಬೃಹತ್ ಬೊಂಬೆ ಕಟ್ಟುತ್ತಾರೆ. ಸಮವಯಸ್ಕರ ನಡುವೆ ಸಭ್ಯ ರೂಪದ ಚಿಂತೆಯಿಲ್ಲದೆ ಆಡುಮಾತು ಹರಿಯಲು ಇದು ತಕ್ಕ ಜಾಗ. ಗಮೆಲಾನ್ ವಾದ್ಯಮೇಳ, ದೇವಾಲಯದ ಕೆಲಸ, ಬಾಲಿ ಭಾಷೆಯ ಪಾಪ್ ಹಾಡುಗಳೂ ಇಂಥ ಅವಕಾಶಗಳೇ.

ಕಾನೂನು ಸಾಕೇ?

2018ರಲ್ಲಿ ಪ್ರಾಂತ ಸರ್ಕಾರ ಗುರುವಾರಗಳಂದು ಶಾಲೆ, ಕಚೇರಿಗಳಲ್ಲಿ ಬಾಲಿ ಮಾತನಾಡಬೇಕೆಂದು ನಿಯಮ ಮಾಡಿತು. 2019ರಿಂದ ಪ್ರತಿ ಫೆಬ್ರವರಿ ಭಾಷಾ ಮಾಸವಾಗಿದೆ. ಲಿಪಿಗೆ 2006ರಲ್ಲೇ ಯೂನಿಕೋಡ್‌ನಲ್ಲಿ ಸ್ಥಾನ ದೊರೆತಿತ್ತು. ಇವೆಲ್ಲ ಭಾಷೆಯ ಘನತೆಯನ್ನು ಹೆಚ್ಚಿಸುತ್ತವೆ, ನಿಜ. ಆದರೆ ನಾಲಗೆಯ ಅಳುಕನ್ನು ನಿಯಮ ನೀಗಿಸಲಾರದು.

ಶಿಕ್ಷಕರು ಇಲ್ಲಿ ಗಮನಿಸಬೇಕಾದ ಅಂಶ ಇದೇ. ಕಲಿಯುವವರ ತಪ್ಪಿಗೆ ನಕ್ಕರೆ ಅವರು ತಪ್ಪನ್ನಲ್ಲ, ಭಾಷೆಯನ್ನೇ ಬಿಡುತ್ತಾರೆ. ತಪ್ಪಿದರೂ ಮಾತು ಮುಂದುವರಿಸಬಲ್ಲ ಜಾಗಗಳು ಎಷ್ಟಿವೆಯೋ, ಭಾಷೆಗೆ ಅಷ್ಟು ಆಯುಸ್ಸು.