ಮೊದಲ ನೋಟವೇ ಕೊನೆಯ ತೀರ್ಪೇ?

ನಾಳೆ ಹೆಣ್ಣು ನೋಡಲು ಬರುತ್ತಾರೆ. ಮನೆಯಲ್ಲಿ ಬೆಳಗ್ಗಿನಿಂದಲೇ ಗಡಿಬಿಡಿ. ಸೋಫಾದ ಹೊದಿಕೆ ಬದಲಾಗಿದೆ. ಶೋಕೇಸಿನ ಧೂಳು ಒರೆಸಿಯಾಗಿದೆ. ಅತ್ತಿಗೆ ನಾಲ್ಕು ಜೊತೆ ಚೂಡಿದಾರ್ ಹರಡಿ ಹುಡುಗಿಗೆ ಹೇಳುತ್ತಾಳೆ: "ತಿಳಿ ಬಣ್ಣದ್ದನ್ನೇ ಹಾಕು. ನೆನಪಿರಲಿ, ಫಸ್ಟ್ ಇಂಪ್ರೆಶನ್ ಈಸ್ ದ ಬೆಸ್ಟ್ ಇಂಪ್ರೆಶನ್!"

ಬಂದವರು ಅರ್ಧ ಗಂಟೆ ಕುಳಿತರು. ಶರಬತ್ತು ಕುಡಿದರು, ಸಮೋಸಾ ತಿಂದರು. ಹುಡುಗಿಯೊಡನೆ ಆಡಿದ್ದು ಎರಡೇ ಮಾತು. ಹೆಸರೇನು, ಎಷ್ಟು ಓದಿದ್ದೀ? ಮೂರು ದಿನಗಳ ಬಳಿಕ ಮಧ್ಯವರ್ತಿಯ ಫೋನ್ ಬಂತು. "ಅವರಿಗೆ ಇನ್ನೂ ಸ್ವಲ್ಪ ಬೆಳ್ಳಗಿನ ಹುಡುಗಿ ಬೇಕಂತೆ." ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅದೇ ಅತ್ತಿಗೆ ಬಂದು ತಲೆ ನೇವರಿಸಿ ಸಮಾಧಾನ ಹೇಳಿದಳು: "ಬಿಡು, ಡೋಂಟ್ ಜಡ್ಜ್ ಎ ಬುಕ್ ಬೈ ಇಟ್ಸ್ ಕವರ್ ಅಂತ ದೊಡ್ಡವರು ಹೇಳಿದ್ದಾರೆ."

ಇಂತಹ ದೃಶ್ಯ ನಿಮಗೆ ಹೊಸದೇನಲ್ಲ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಹೊದಿಕೆ ನೋಡಿ ಪುಸ್ತಕವನ್ನು ಅಳೆಯಬೇಡಿ ಎಂಬ ಮಾತನ್ನು ಹೇಳಬೇಕಾಗಿದ್ದುದು ಯಾರಿಗೆ? ಅಳುತ್ತಿರುವ ಹುಡುಗಿಗೋ, ಸಮೋಸಾ ತಿಂದು ಎದ್ದು ಹೋದವರಿಗೋ?

ಇಂಗ್ಲಿಷಿನಲ್ಲಿ ಮೊದಲ ನೋಟದ ಬಗ್ಗೆ ಸಿದ್ಧ ನುಡಿಗಳು ಬಹಳಷ್ಟಿವೆ. ನಾವೂ ಅವುಗಳನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ಅವುಗಳಲ್ಲಿ ಎರಡು ಬಗೆಯಿದೆ. ಕೆಲವು ನೋಡಿಸಿಕೊಳ್ಳುವವರಿಗೆ ಹೇಳಿದ ಮಾತುಗಳು. ಕೆಲವು ನೋಡುವವರಿಗೆ ಹೇಳಿದವು. ಇವು ಅದಲುಬದಲಾದರೆ ಬುದ್ಧಿಮಾತೇ ಅನ್ಯಾಯವಾಗಿ ಬಿಡುತ್ತದೆ.

ನೋಡಿಸಿಕೊಳ್ಳುವವರಿಗೆ

'ಫಸ್ಟ್ ಇಂಪ್ರೆಶನ್ ಈಸ್ ದ ಬೆಸ್ಟ್ ಇಂಪ್ರೆಶನ್' ಎಂಬುದು ನಮ್ಮ ದೇಶದಲ್ಲಿ ಬಹಳ ಓಡಾಡುವ ರೂಪ. ಇಂಗ್ಲಿಷರು ಸಾಮಾನ್ಯವಾಗಿ ಹೇಳುವುದು 'ಫಸ್ಟ್ ಇಂಪ್ರೆಶನ್ಸ್ ಲಾಸ್ಟ್' ಎಂದು. ಅಂದರೆ ಮೊದಲು ಮೂಡಿದ ಅಭಿಪ್ರಾಯ ಬಹಳ ಕಾಲ ಉಳಿಯುತ್ತದೆ ಎಂದರ್ಥ. ಉಳಿಯುವುದು ಬೇರೆ, ಉತ್ತಮವಾಗಿರುವುದು ಬೇರೆ. ಬಿಳಿ ಬಟ್ಟೆಯ ಮೇಲೆ ಬಿದ್ದ ಅರಶಿನದ ಕಲೆಯೂ ಉಳಿಯುತ್ತದೆ. ಹಾಗೆಂದು ಅದನ್ನು ಉತ್ತಮ ಎನ್ನುತ್ತೇವೆಯೇ?

ಇನ್ನೊಂದು ಮಾತಿದೆ. 'ಯು ನೆವರ್ ಗೆಟ್ ಎ ಸೆಕೆಂಡ್ ಚಾನ್ಸ್ ಟು ಮೇಕ್ ಎ ಫಸ್ಟ್ ಇಂಪ್ರೆಶನ್' - ಮೊದಲ ಅಭಿಪ್ರಾಯ ಮೂಡಿಸಲು ಎರಡನೇ ಅವಕಾಶ ಸಿಗದು. ಕೇಳಲು ಯಾವುದೋ ಜ್ಞಾನಿಯ ಮಾತಿನಂತಿದೆ. ಆದರೆ 1980ರ ದಶಕದಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಇದನ್ನು ಮನೆಮನೆಗೆ ತಲುಪಿಸಿದ್ದು ಹೆಡ್ ಆ್ಯಂಡ್ ಶೋಲ್ಡರ್ಸ್ ಎಂಬ ತಲೆಹೊಟ್ಟಿನ ಶಾಂಪೂವಿನ ಜಾಹೀರಾತು! ನಮ್ಮ ಮನಸ್ಸಿನಲ್ಲಿ ಅಳುಕು ಹುಟ್ಟಿಸಿದರೆ ತಾನೇ ಶಾಂಪೂ ಮಾರಾಟವಾಗುವುದು?

'ಪುಟ್ ಯುವರ್ ಬೆಸ್ಟ್ ಫೂಟ್ ಫಾರ್ವರ್ಡ್' ಎಂಬುದೂ ಇದೇ ಗುಂಪಿನದು. ನಿಮ್ಮಲ್ಲಿರುವ ಒಳ್ಳೆಯದನ್ನು ಮುಂದಿಡಿ ಎಂದು ಇದರ ಅರ್ಥ. ಕೆಲಸದ ಸಂದರ್ಶನಕ್ಕೆ ಹೊರಟ ಮಗಳಿಗೆ ಈ ಮಾತು ಹೇಳಿ, ತಪ್ಪಿಲ್ಲ. ಸಮಯಕ್ಕೆ ಸರಿಯಾಗಿ ಹೋಗುವುದು, ಸ್ಪಷ್ಟವಾಗಿ ಮಾತನಾಡುವುದು, ಇಸ್ತ್ರಿ ಮಾಡಿದ ಬಟ್ಟೆ ಧರಿಸುವುದು ಎಲ್ಲವೂ ಅವಳ ಕೈಯಲ್ಲಿದೆ. ಮೈಬಣ್ಣ, ಎತ್ತರ, ತಂದೆಯ ಜೇಬು ಅವಳ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಅವಳನ್ನು ಹೊಣೆ ಮಾಡುವ ಹಕ್ಕು ಯಾವ ನುಡಿಗೂ ಇಲ್ಲ.

ನೋಡುವವರಿಗೆ

'ಡೋಂಟ್ ಜಡ್ಜ್ ಎ ಬುಕ್ ಬೈ ಇಟ್ಸ್ ಕವರ್' ಎಂಬ ಮಾತಿಗೆ ಹತ್ತಿರವಾದ ಒಂದು ಪ್ರಸಂಗ 1860ರಲ್ಲಿ ಪ್ರಕಟವಾದ 'ದ ಮಿಲ್ ಆನ್ ದ ಫ್ಲಾಸ್' ಕಾದಂಬರಿಯಲ್ಲಿದೆ. ಬರೆದವರು ಜಾರ್ಜ್ ಎಲಿಯಟ್. ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಈ ಮಹಿಳೆಯ ನಿಜ ಹೆಸರು ಮೇರಿ ಆ್ಯನ್ ಇವಾನ್ಸ್. ಕಾದಂಬರಿಯ ಗಿರಣಿ ಮಾಲೀಕ ಟಲಿವರ್, ಒಂದೇ ಬಗೆಯ ಚೆಂದದ ರಟ್ಟು ಹಾಕಿದ ಪುಸ್ತಕಗಳನ್ನು ಕಂಡು ಎಲ್ಲವೂ ಒಳ್ಳೆಯವೇ ಎಂದುಕೊಂಡು ಕೊಂಡು ತಂದಿರುತ್ತಾನೆ. ಅವುಗಳಲ್ಲೊಂದು ಸೈತಾನನ ಚರಿತ್ರೆ ಎಂದು ಪುಟ್ಟ ಮಗಳು ಮ್ಯಾಗಿ ಅದನ್ನು ಓದಿ ವಿವರಿಸಿದಾಗಲೇ ಅವನಿಗೆ ತಿಳಿಯುವುದು. ಹೊರಗಿನಿಂದ ನೋಡಿ ನಿರ್ಧರಿಸಬಾರದು ಎಂದು ಆಗ ಒಪ್ಪಿಕೊಳ್ಳುತ್ತಾನೆ. ಸ್ವಾರಸ್ಯವೇನು ಗೊತ್ತೇ? ಅದೇ ಮನೆಯಲ್ಲಿ ಆ ಜಾಣ ಹುಡುಗಿಯ ಕಂದು ಮೈಬಣ್ಣ ಮತ್ತು ಗುಂಗುರಾಗದ ಕೂದಲಿನ ಬಗ್ಗೆ ತಾಯಿಗೆ ಸದಾ ಕೊರಗು! ಪುಸ್ತಕದ ಬಗ್ಗೆ ಕಲಿತ ಪಾಠ ಮಗಳವರೆಗೆ ತಲುಪಲೇ ಇಲ್ಲ.

'ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್' ಎಂಬುದನ್ನು ಶಾಲೆಯಲ್ಲೇ ಕಲಿತಿದ್ದೇವೆ. ಷೇಕ್ಸ್‌ಪಿಯರನ 'ದ ಮರ್ಚೆಂಟ್ ಆಫ್ ವೆನಿಸ್' ನಾಟಕ ಅದನ್ನು ಪ್ರಸಿದ್ಧಗೊಳಿಸಿತು. ಅದರಲ್ಲಿ ಪೋರ್ಷಿಯಾಳನ್ನು ವರಿಸಲು ಬಂದವರು ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸಬೇಕು. ಮೊರಾಕ್ಕೊದ ರಾಜಕುಮಾರ ಬರುತ್ತಾನೆ. ತನ್ನ ಕಪ್ಪು ಬಣ್ಣ ನೋಡಿ ತನ್ನನ್ನು ತಳ್ಳಿಹಾಕಬೇಡ ಎಂಬುದೇ ಅವನ ಮೊದಲ ಬೇಡಿಕೆ. ಆದರೆ ಪೆಟ್ಟಿಗೆ ಆರಿಸುವ ಹೊತ್ತಿಗೆ ಅವನೇ ಹೊಳಪಿಗೆ ಮರುಳಾಗಿ ಚಿನ್ನದ್ದನ್ನು ತೆರೆಯುತ್ತಾನೆ. ಒಳಗಿರುವುದು ತಲೆಬುರುಡೆ, ಜೊತೆಗೆ ಈ ಮಾತು ಬರೆದ ಓಲೆ. ಪೋರ್ಷಿಯಾಳ ಭಾವಚಿತ್ರ ಇದ್ದುದು ಸೀಸದ ಪೆಟ್ಟಿಗೆಯಲ್ಲಿ. ಇತ್ತ ಅವನು ಹೊರಟುಹೋದಾಗ ಅವಳೂ ಅವನ ಬಣ್ಣದವರೆಲ್ಲ ಹೀಗೆಯೇ ಸೋಲಲಿ ಎನ್ನುತ್ತಾಳೆ. ತನ್ನನ್ನು ಬಣ್ಣದಿಂದ ಅಳೆಯಬಾರದು ಎಂದವನು ಪೆಟ್ಟಿಗೆಯನ್ನು ಬಣ್ಣದಿಂದ ಅಳೆದ. ಅವಳು ಅವನನ್ನೇ ಬಣ್ಣದಿಂದ ಅಳೆದಳು. ನಮ್ಮ ಕಥೆಯೂ ಹೀಗೆಯೇ ಅಲ್ಲವೇ? ನಮ್ಮ ಮಗಳನ್ನು ಬಣ್ಣ ನೋಡಿ ಬೇಡವೆಂದವರ ಮೇಲೆ ಸಿಟ್ಟಾಗುವ ನಾವು ಮಗನಿಗೆ ಹುಡುಕುವಾಗ ಏನನ್ನು ನೋಡುತ್ತೇವೆ?

ಜೇನ್ ಆಸ್ಟೆನ್ ಎಂಬ ಲೇಖಕಿ ಇದೇ ವಿಷಯದ ಮೇಲೆ ಇಡೀ ಕಾದಂಬರಿ ಬರೆದರು. ಮೊದಲು ಅದಕ್ಕಿಟ್ಟ ಹೆಸರೇ 'ಫಸ್ಟ್ ಇಂಪ್ರೆಶನ್ಸ್'. 1797ರಲ್ಲಿ ಅವರ ತಂದೆ ಲಂಡನಿನ ಪ್ರಕಾಶಕರೊಬ್ಬರಿಗೆ ಪತ್ರ ಬರೆದದ್ದು ಈ ಕೃತಿಯ ಕುರಿತೇ ಎಂದು ವಿದ್ವಾಂಸರು ನಂಬುತ್ತಾರೆ. ಹಸ್ತಪ್ರತಿಯನ್ನು ನೋಡುವ ಗೋಜಿಗೂ ಹೋಗದೆ ಪ್ರಕಾಶಕರು ಬೇಡವೆಂದರು! ತಿದ್ದಿ ಬರೆದ ಆ ಕಾದಂಬರಿ 1813ರಲ್ಲಿ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಆಗಿ ಹೊರಬಂತು, ಇಂದಿಗೂ ಓದುಗರಿದ್ದಾರೆ. ಅದರ ನಾಯಕಿ ಎಲಿಜಬೆತ್ ಗಂಭೀರ ಸ್ವಭಾವದ ಡಾರ್ಸಿಯನ್ನು ಮೊದಲ ಭೇಟಿಯಲ್ಲೇ ಅಹಂಕಾರಿ ಎಂದು ತೀರ್ಮಾನಿಸುತ್ತಾಳೆ. ನಯವಾಗಿ ಮಾತನಾಡುವ ವಿಕಮ್‌ನನ್ನು ಸಜ್ಜನನೆಂದು ನಂಬುತ್ತಾಳೆ. ಕೊನೆಗೆ ಡಾರ್ಸಿ ನಂಬಿಕಸ್ಥನಾಗಿಯೂ ವಿಕಮ್ ಮೋಸಗಾರನಾಗಿಯೂ ಹೊರಬೀಳುತ್ತಾರೆ.

ಹೊಟ್ಟೆಯೊಳಗಿನ 'ಆದರೆ'

ಇಂಗ್ಲಿಷಿನ ಇನ್ನೂ ಕೆಲವು ನುಡಿಗಳನ್ನು ಗಮನಿಸಿ. 'ಅಟ್ ಫಸ್ಟ್ ಸೈಟ್', 'ಆನ್ ದ ಫೇಸ್ ಆಫ್ ಇಟ್' ಎಂದು ವಾಕ್ಯ ಶುರುವಾದರೆ, ಮುಂದೆ 'ಆದರೆ' ಎಂಬುದು ಬಂದೇ ಬರುತ್ತದೆ ಎಂದು ಕೇಳುವವರು ಕಾಯುತ್ತಾರೆ. 'ಐ ವಾಸ್ ಅಂಡರ್ ದ ಇಂಪ್ರೆಶನ್' ಎಂದರೆ ನಾನು ಹಾಗೆಂದುಕೊಂಡಿದ್ದೆ, ಅದು ತಪ್ಪಿರಬಹುದು ಎಂಬ ಧ್ವನಿ. 'ಶಿ ಗೇವ್ ದ ಇಂಪ್ರೆಶನ್' ಎಂದರೆ ಅವಳು ಹಾಗೆ ತೋರಿದಳು, ನಿಜ ಬೇರೆ ಇರಬಹುದು ಎಂಬ ಸೂಚನೆ. ಆದ್ದರಿಂದ ಸಂದರ್ಶನದಲ್ಲಿ ಇಂತಹ ಪದಗಳನ್ನು ಎಚ್ಚರದಿಂದ ಬಳಸಬೇಕೆಂದು ಮಕ್ಕಳಿಗೆ ತಿಳಿಸಿ. ಹೊಗಳಲು ಹೋಗಿ ಅನುಮಾನ ಹೇಳಿದಂತಾದೀತು. ನಮ್ಮ ಹಿರಿಯರೂ ಕಡಿಮೆಯವರಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರು.

ಮನಸ್ಸು ಯಾಕೆ ಆತುರಪಡುತ್ತದೆ?

1946ರಲ್ಲಿ ಸೊಲೊಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದರು. ಒಬ್ಬ ವ್ಯಕ್ತಿಯ ಆರು ಗುಣಗಳನ್ನು ಒಂದು ಗುಂಪಿಗೆ ಹೀಗೆ ಓದಿ ಹೇಳಿದರು: ಬುದ್ಧಿವಂತ, ಶ್ರಮಜೀವಿ, ದುಡುಕಿನವ, ಟೀಕಿಸುವವ, ಹಟಮಾರಿ, ಹೊಟ್ಟೆಕಿಚ್ಚಿನವ. ಇನ್ನೊಂದು ಗುಂಪಿಗೆ ಅದೇ ಆರನ್ನು ಕೊನೆಯಿಂದ ಮೊದಲಿಗೆ ಓದಿದರು. ಬುದ್ಧಿವಂತ ಎಂದು ಮೊದಲು ಕೇಳಿದವರಿಗೆ ಆ ವ್ಯಕ್ತಿ ಹೆಚ್ಚು ಒಳ್ಳೆಯವನಾಗಿ ಕಂಡ! ಗುಣಗಳು ಅವೇ, ಸಾಲು ಮಾತ್ರ ಬೇರೆ. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ತೋರಿಸಿದರೂ ಜನ ಅಭಿಪ್ರಾಯ ಕಟ್ಟಿಬಿಡುತ್ತಾರೆ ಎಂದು ಕಂಡುಕೊಂಡರು. ಹೆಚ್ಚು ಹೊತ್ತು ನೋಡಿದಾಗ ಆ ಅಭಿಪ್ರಾಯ ಅಷ್ಟಾಗಿ ಬದಲಾಗಲಿಲ್ಲ. ತಾವು ಸರಿ ಎಂಬ ಧೈರ್ಯ ಮಾತ್ರ ಹೆಚ್ಚಿತು. ಅಂದರೆ ದಿಟ್ಟಿಸಿ ನೋಡಿದರೆ ಸಾಲದು. ಮಾತನಾಡಬೇಕು, ವಿಚಾರಿಸಬೇಕು, ಸಮಯ ಕೊಡಬೇಕು.

ಮುಂದಿನ ಬಾರಿ ನೀವು ಹೆಣ್ಣು ನೋಡಲು ಹೋದಾಗ ಹುಡುಗಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಅವಳಿಗೆ ಯಾವ ಪುಸ್ತಕ ಇಷ್ಟ, ಯಾವ ಅಡುಗೆ ಬೇಸರ, ಮುಂದೆ ಓದುವ ಆಸೆಯಿದೆಯೇ ಎಂದು ಕೇಳಿ. ಅವಳಿಗೂ ನಿಮ್ಮನ್ನು ಕೇಳಲು ಬಿಡಿ. ಸಾಧ್ಯವಾದರೆ ಇನ್ನೊಮ್ಮೆ ಭೇಟಿಯಾಗಿ. ಬೇಡವೆಂದಾದರೆ ಬಣ್ಣದ ನೆಪ ಹೇಳಿ ಕಳುಹಿಸಬೇಡಿ. ಪಕ್ಕದ ಮನೆಗೆ ಬಂದ ಹೊಸಬರಿಗೂ, ಮನೆಗೆ ಬಂದ ಹೊಸ ಸೊಸೆಗೂ ಇದೇ ನ್ಯಾಯವಿರಲಿ.

ಮಗಳು ಕನ್ನಡಿಯ ಮುಂದೆ ನಿಂತಾಗ ಅಂದವಾಗಿ ಸಿದ್ಧಳಾಗು ಎಂದು ಹೇಳಿ. ಆದರೆ ಅರ್ಧ ಗಂಟೆಯಲ್ಲಿ ನಿನ್ನ ಬೆಲೆ ಯಾರೂ ಕಟ್ಟಲಾರರು ಎಂಬುದನ್ನೂ ಸೇರಿಸಿ ಹೇಳಿ. ಹೊದಿಕೆಯ ಮಾತನ್ನು ಮಾತ್ರ ಅವಳಿಗಾಗಿ ಎತ್ತಿಡಬೇಡಿ. ಅದು ನೋಡಲು ಹೊರಟ ನಮಗೆ, ಮನೆಯ ಹೊಸ್ತಿಲು ದಾಟುವ ಮೊದಲೇ ನೆನಪಾಗಬೇಕಾದ ಮಾತು.