ಕೈಯಲ್ಲಿ ಹ್ಯಾಂಡಲ್, ತಲೆಯಲ್ಲಿ ಕುಕ್ಕರ್!

ಬೆಳಿಗ್ಗೆ ಎಂಟೂಕಾಲು. ಸ್ಕೂಲ್ ವ್ಯಾನ್ ತಪ್ಪಿಹೋಗಿದೆ. ಮಗುವನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟಿದ್ದೀರಿ. ಗೇಟು ದಾಟುತ್ತಿದ್ದಂತೆ ತಲೆಯೊಳಗೆ ಶುರು... ಗ್ಯಾಸ್ ಆಫ್ ಮಾಡಿದ್ನಾ? ಅತ್ತೆಯವರ ಬಿ.ಪಿ. ಮಾತ್ರೆ ಮುಗಿದಿದೆ, ಬರುವಾಗ ತರಬೇಕು. ಕೆಲಸದಾಕೆ ಇವತ್ತೂ ಕೈಕೊಟ್ಟರೆ? ಅಷ್ಟರಲ್ಲಿ ಸ್ಕೂಲು ಬಂದೇ ಬಿಡುತ್ತದೆ. ದಾರಿಯಲ್ಲಿ ಎರಡು ಸಿಗ್ನಲ್ ದಾಟಿದ್ದೀರಿ, ಹಂಪ್ ಹತ್ತಿ ಇಳಿದಿದ್ದೀರಿ. ಆದರೆ ಸಿಗ್ನಲ್ ಹಸಿರಿತ್ತಾ, ಹಳದಿಯಿತ್ತಾ ಅಂತ ಯಾರಾದರೂ ಕೇಳಿದರೆ ಊಹೂಂ, ನೆನಪೇ ಇಲ್ಲ!

ಇದಕ್ಕೆ ಮರೆವು ಅಂತ ಹೆಸರಿಟ್ಟು ಕೊರಗಬೇಕಾಗಿಲ್ಲ. ಗಾಡಿ ಓಡಿಸುವ ಎಲ್ಲರಿಗೂ, ಗಂಡಸರಿಗೂ ಆಗುವಂಥದ್ದೇ. ಹೊಸದಾಗಿ ಕಲಿಯುವಾಗ ಬ್ರೇಕು, ಕನ್ನಡಿ, ಇಂಡಿಕೇಟರ್, ಕಾರಾದರೆ ಕ್ಲಚ್ಚು, ಗೇರು ಎಲ್ಲದಕ್ಕೂ ಮನಸ್ಸು ಬೇಕು. ಪಕ್ಕದಲ್ಲಿರುವವರು ಮಾತನಾಡಿಸಿದರೂ ಸಿಟ್ಟು ಬರುತ್ತದೆ. ಆರು ತಿಂಗಳು ಕಳೆದರೆ ಅದೆಲ್ಲ ಕೈಕಾಲಿಗೇ ಅಭ್ಯಾಸ. ಟಿವಿ ಧಾರಾವಾಹಿ ನೋಡುತ್ತಾ ಚಪಾತಿ ಲಟ್ಟಿಸುತ್ತೇವಲ್ಲ, ಹಾಗೆ. ಬಿಡುವು ಸಿಕ್ಕ ಮನಸ್ಸು ಸುಮ್ಮನಿರುತ್ತದೆಯೇ? ಅಡುಗೆಮನೆಗೆ ಓಡುತ್ತದೆ, ತವರಿಗೆ ಓಡುತ್ತದೆ, ನಿನ್ನೆಯ ಜಗಳಕ್ಕೆ ಓಡುತ್ತದೆ. ರೂಢಿಯ ದಾರಿಯಲ್ಲಿ ಎಲ್ಲವೂ ರೂಢಿಯಂತೆ ನಡೆಯುವವರೆಗೆ ತೊಂದರೆಯಿಲ್ಲ. ಚೆಂಡಿನ ಹಿಂದೆ ಮಗುವೊಂದು ಓಡಿಬಂದರೆ ಮಾತ್ರ ಅಭ್ಯಾಸ ಕೈಕೊಡುತ್ತದೆ. ಆಗ ಮನಸ್ಸೇ ಬೇಕು.

ಒಂದು ಸಣ್ಣ ಲೆಕ್ಕ ಹಾಕಿ. ಗಂಟೆಗೆ 40 ಕಿಲೋಮೀಟರ್ ವೇಗ ನಮಗೇನೂ ಹೆಚ್ಚು ಅನ್ನಿಸುವುದಿಲ್ಲ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ, ಅಂದರೆ ಹೆಚ್ಚು ಕಡಿಮೆ ಒಂದು ಸಿಟಿ ಬಸ್ಸಿನ ಉದ್ದ. ಎಚ್ಚರವಾಗಿರುವವರಿಗೂ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಮಾತ್ರೆಯ ಯೋಚನೆಯಿಂದ ರಸ್ತೆಗೆ ವಾಪಸ್ ಬರಲು ಇನ್ನೊಂದು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಬ್ರೇಕ್ ಮುಟ್ಟುವ ಮೊದಲೇ ಎರಡು ಬಸ್ಸಿನ ಉದ್ದ ದಾಟಿರುತ್ತೀರಿ.

ಕಣ್ಣಿದ್ದೂ ಕಾಣದ ಗೊರಿಲ್ಲಾ

"ಎದುರಿಗೇ ಇತ್ತು ಕಣ್ರೀ, ಆದ್ರೆ ಕಾಣಿಸಲೇ ಇಲ್ಲ!" ಗುದ್ದಿಸಿಕೊಂಡವರು ಹೀಗೆ ಹೇಳಿದರೆ ನಾವು ನಂಬುವುದಿಲ್ಲ. ಆದರೆ ಅವರು ಹೇಳುತ್ತಿರುವುದು ನಿಜವೂ ಇರಬಹುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಎಂಬ ಮನೋವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿ 1999ರಲ್ಲಿ ಪ್ರಕಟಿಸಿದರು. ವಿಡಿಯೋದಲ್ಲಿ ಕೆಲವರು ಚೆಂಡು ಎಸೆದಾಡುತ್ತಿರುತ್ತಾರೆ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಅಂತ ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಗುದ್ದಿಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆ ಗೊರಿಲ್ಲಾ ಕಾಣಿಸಲೇ ಇಲ್ಲ! ಕಣ್ಣು ತೆರೆದೇ ಇತ್ತು, ಗಮನ ಎಣಿಕೆಯಲ್ಲಿತ್ತು. ನಮ್ಮ ರಸ್ತೆಗಳಲ್ಲಂತೂ ಗೊರಿಲ್ಲಾ ಒಂದೇ ಅಲ್ಲ. ಅಡ್ಡರಸ್ತೆಯಿಂದ ನುಗ್ಗುವ ಆಟೋ, ಡಿವೈಡರ್ ಹಾರುವವರು, ನಡುರಸ್ತೆಯಲ್ಲಿ ಮೆಲುಕು ಹಾಕುತ್ತಾ ನಿಂತ ಹಸು...

ಮೊಬೈಲ್ ವಿಷಯಕ್ಕೆ ಬರೋಣ. "ನಾನೇನು ಕೈಯಲ್ಲಿ ಹಿಡ್ಕೊಳ್ಳಲ್ಲ, ಹೆಲ್ಮೆಟ್ ಒಳಗೆ ಸಿಕ್ಕಿಸ್ಕೋತೀನಿ" ಅಂತ ಹೇಳುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಇಯರ್‌ಫೋನ್ ಇದ್ದರೆ ಕ್ಷೇಮ ಎಂಬ ನಂಬಿಕೆ ಬೇರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಿಂದೀಚೆಗೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು, ಫೋನು ಕೈಯಲ್ಲಿರಲಿ, ಕಿವಿಯಲ್ಲಿರಲಿ, ಗಮನ ತಪ್ಪುವುದು ಸರಿಸುಮಾರು ಒಂದೇ. ತೊಂದರೆ ಕೈಯದ್ದಲ್ಲ, ಮಾತಿನದ್ದು. ಹಾಗಾದರೆ ಹಿಂದೆ ಕೂತ ಗೆಳತಿಯ ಜೊತೆ ಮಾತಾಡಬಾರದಾ ಅಂತ ಕೇಳಬಹುದು. ವ್ಯತ್ಯಾಸವಿದೆ. ಲಾರಿ ಅಡ್ಡ ಬಂದರೆ ಆಕೆಗೂ ಕಾಣುತ್ತದೆ, ಬಾಯಿ ತಾನಾಗಿ ಮುಚ್ಚುತ್ತದೆ. ಫೋನಿನ ಆ ಕಡೆಯಿಂದ ಮಾತಾಡುವ ಚಿಕ್ಕಮ್ಮನಿಗೆ ಲಾರಿ ಕಾಣುವುದಿಲ್ಲವಲ್ಲ! ಕಾನೂನೂ ಬಿಗಿಯಾಗಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಫೋನ್ ಕೈಯಲ್ಲಿ ಹಿಡಿದು ಗಾಡಿ ಓಡಿಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ. ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿಯುವುದೇ ಒಳ್ಳೆಯದು. ವ್ಯಾನಿಟಿ ಬ್ಯಾಗಿನಲ್ಲಿದ್ದರೆ ರಿಂಗ್ ಆದಾಗ ಕೈ ಹೋಗೇ ಹೋಗುತ್ತದೆ.

ಫೋನನ್ನಾದರೂ ಡಿಕ್ಕಿಗೆ ಹಾಕಬಹುದು, ಮನಸ್ಸನ್ನು? ಫ್ರಾನ್ಸಿನ ಬೋರ್ಡೋ ನಗರದ ಆಸ್ಪತ್ರೆಗೆ ಅಪಘಾತವಾಗಿ ಬಂದ 955 ಚಾಲಕರನ್ನು ವೈದ್ಯರು ಮಾತನಾಡಿಸಿ, 2012ರಲ್ಲಿ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನ, ಆ ಹೊತ್ತಿನಲ್ಲಿ ಮನಸ್ಸು ಬೇರೆಲ್ಲೋ ಇತ್ತು ಅಂದರು. ಯೋಚನೆಯಲ್ಲಿ ಪೂರ್ತಿ ಮುಳುಗಿದ್ದವರ ಪ್ರಮಾಣ, ತಪ್ಪು ತಮ್ಮದೇ ಆಗಿದ್ದ ಚಾಲಕರಲ್ಲಿ ಶೇಕಡಾ 17, ತಪ್ಪಿಲ್ಲದವರಲ್ಲಿ ಶೇಕಡಾ 9. ಮನೆಯಲ್ಲಿ ಜಗಳವಾಡಿ, ಕಣ್ಣೊರೆಸಿಕೊಂಡು ಬೀಗದ ಕೈ ಎತ್ತಿಕೊಳ್ಳುವ ಅಭ್ಯಾಸ ಯಾರಿಗಾದರೂ ಇದ್ದರೆ ಇದನ್ನು ಎರಡು ಸಲ ಓದಿ. ಐದು ನಿಮಿಷ ಕೂತು, ನೀರು ಕುಡಿದು ಹೊರಡಿ. ಇಲ್ಲವಾದರೆ ಆಟೋ ಹಿಡಿಯಿರಿ.

ಧ್ಯಾನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಧ್ಯಾನ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ರಸ್ತೆಯಲ್ಲಿ ಬೇಕಾದ ಗಮನ, ದೀಪದ ಬತ್ತಿಯನ್ನೇ ದಿಟ್ಟಿಸುವಂಥದ್ದಲ್ಲ. ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ಒಗ್ಗರಣೆ ಇಟ್ಟಾಗ ಕಣ್ಣು ಅತ್ತಿತ್ತ ಓಡಾಡುತ್ತಲೇ ಇರುತ್ತದಲ್ಲ, ಆ ಬಗೆಯದ್ದು. ಮುಂದೆ, ಕನ್ನಡಿ, ಪಕ್ಕ, ಮತ್ತೆ ಮುಂದೆ. ಓಡಾಡಲಿ, ಅಡುಗೆಮನೆ ಬಿಟ್ಟು ಹೊರಗೆ ಹೋಗದಿದ್ದರೆ ಸಾಕು!

ಇದಕ್ಕೊಂದು ಸುಲಭ ಉಪಾಯವಿದೆ. ಕಂಡದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು. "ಮುಂದೆ ಹಂಪ್... ಎಡಗಡೆ ಕಾರಿನ ಬಾಗಿಲು ತೆಗೀಬಹುದು... ಸಿಗ್ನಲ್ ಹಸಿರು, ಆದ್ರೂ ಬಲಕ್ಕೆ ನೋಡು." ಹುಚ್ಚು ಅಂದುಕೊಳ್ಳಬೇಡಿ. ಬ್ರಿಟನ್ನಿನ ಪೊಲೀಸ್ ಚಾಲಕರಿಗೆ ತರಬೇತಿಯಲ್ಲಿ ಹೀಗೆ ಹೇಳಿಕೊಳ್ಳುತ್ತಾ ಓಡಿಸುವುದನ್ನು ಕಲಿಸುತ್ತಾರೆ. ಜಪಾನಿನ ರೈಲು ಚಾಲಕರಂತೂ ಸಿಗ್ನಲ್ಲಿಗೆ ಬೆರಳು ತೋರಿಸಿ ಜೋರಾಗಿ ಕೂಗಿ ಹೇಳುತ್ತಾರೆ. ನಾಲಿಗೆ ರಸ್ತೆಯ ಮಾತಾಡುತ್ತಿದ್ದರೆ ಮನಸ್ಸು ಬೇರೆ ಕಡೆ ಹೋಗಲು ಪುರುಸೊತ್ತಿಲ್ಲ. ಹೇಗೂ ಹೆಲ್ಮೆಟ್ ಇದೆ, ಯಾರಿಗೂ ಕೇಳಿಸದು. ಮಗುವಿನ ಹತ್ತಿರ ಆಟದಂತೆ ಹೇಳಿಸಿದರೆ ಅದಕ್ಕೂ ರಸ್ತೆ ನೋಡುವುದು ಬರುತ್ತದೆ.

ಭಯವೂ ಗಮನ ಕದಿಯುತ್ತದೆ

ಈಗಷ್ಟೇ ಕಾರು ಕಲಿಯುತ್ತಿರುವವರ ತೊಂದರೆ ಇದಕ್ಕೆ ಉಲ್ಟಾ. ಅವರ ಮನಸ್ಸು ಎಲ್ಲಿಗೂ ಹೋಗುವುದಿಲ್ಲ, ಒಂದೇ ಕಡೆ ಅಂಟಿಕೊಳ್ಳುತ್ತದೆ. ಗುಂಡಿ ಕಂಡರೆ ಗುಂಡಿಯನ್ನೇ ನೋಡುತ್ತಾರೆ, ಗಾಡಿ ಸೀದಾ ಗುಂಡಿಗೇ ಇಳಿಯುತ್ತದೆ. ಕಣ್ಣು ಹೋದ ಕಡೆಗೇ ಕೈ ಹೋಗುತ್ತದೆ. ಗುಂಡಿಯ ಪಕ್ಕದಲ್ಲಿ ಹೋಗಬೇಕಾದ ಜಾಗವನ್ನು ನೋಡಿ, ಗಾಡಿ ಅಲ್ಲಿಗೇ ಹೋಗುತ್ತದೆ. ಭುಜ ಬಿಗಿಯಾಗಿದ್ದರೆ ಸಡಿಲ ಮಾಡಿ, ಸಿಗ್ನಲ್ಲಿನಲ್ಲಿ ನಿಂತಾಗ ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಇನ್ನು ಪಕ್ಕದಲ್ಲಿ ಕೂತು "ಬ್ರೇಕ್! ಬ್ರೇಕ್! ಅಯ್ಯೋ, ಕಣ್ಣು ಕಾಣಲ್ವಾ?" ಎಂದು ಕೂಗುವ ಯಜಮಾನರು! ಅವರು ಕೂಗಿದಾಗ ನಿಮ್ಮ ಅರ್ಧ ಗಮನ ರಸ್ತೆಯಿಂದ ಅವರ ಮುಖಕ್ಕೆ ಹೋಗಿರುತ್ತದೆ. ಸಂಸಾರದ ನೆಮ್ಮದಿಗಾಗಿಯಾದರೂ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿಯುವುದು ವಾಸಿ. ಭಾನುವಾರ ಬೆಳಿಗ್ಗೆ ಬಡಾವಣೆಯ ಖಾಲಿ ರಸ್ತೆಯಲ್ಲಿ ಒಬ್ಬರೇ ನಾಲ್ಕು ಸುತ್ತು ಹಾಕಿದರೆ ಬರುವ ಧೈರ್ಯವೇ ಬೇರೆ.

ನಾವು ಲೆಕ್ಕಕ್ಕೇ ಇಟ್ಟುಕೊಳ್ಳದ ಇನ್ನೊಂದು ವಿಷಯ ನಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಮಧ್ಯಾಹ್ನವೂ ಅಡ್ಡಾಗದೆ, ಸಂಜೆ ಮದುವೆ ರಿಸೆಪ್ಷನ್‌ಗೆ ಹೋಗಿ, ರಾತ್ರಿ ಹತ್ತಕ್ಕೆ ಮಕ್ಕಳನ್ನು ಕೂರಿಸಿಕೊಂಡು ಗಾಡಿ ಸ್ಟಾರ್ಟ್ ಮಾಡುತ್ತೀರಿ. ಎಚ್ಚರವಾಗಿ ಹದಿನೇಳು ಗಂಟೆಯಾಯಿತು. ಇಷ್ಟು ಹೊತ್ತು ನಿದ್ದೆಯಿಲ್ಲದವರ ಚುರುಕು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಮಂದವಾಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ದಾಟಿದರೇ ಕೇಸು! ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟದ ಗೃಹಿಣಿ, ಪೊಲೀಸರ ಯಂತ್ರಕ್ಕೂ ಸಿಗದೆ, ಕುಡಿದವರ ಹಾಗೆ ಗಾಡಿ ಓಡಿಸುತ್ತಿರುತ್ತಾಳೆ. ಕಿಟಕಿ ತೆಗೆದು ಗಾಳಿ ಹಾಕಿಕೊಂಡರೆ, ಹಾಡು ಜೋರಾಗಿ ಹಚ್ಚಿದರೆ ಈ ಮಂದ ಹೋಗುವುದಿಲ್ಲ. ಮಧ್ಯಾಹ್ನವೇ ಇಪ್ಪತ್ತು ನಿಮಿಷ ಮಲಗಿ ಎದ್ದಿದ್ದರೆ ಅಷ್ಟರಮಟ್ಟಿಗೆ ವಾಸಿ. ಮನೆಕೆಲಸ ಹಾಗೇ ಬಿದ್ದಿರಲಿ ಬಿಡಿ. ಅಷ್ಟೂ ಆಗದಿದ್ದ ದಿನ ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇಷ್ಟೆಲ್ಲ ನಮ್ಮ ಗಾಡಿಯ ಮಾತಾಯಿತು. ಸಂಜೆ ಆರೂವರೆಗೆ ಯಜಮಾನರಿಗೆ ಫೋನ್ ಮಾಡಿ "ಎಲ್ಲಿದ್ದೀರಿ? ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ" ಅನ್ನುವವರೂ ನಾವೇ. ಕಾಲೇಜಿನಿಂದ ಬೈಕಿನಲ್ಲಿ ಬರುತ್ತಿರುವ ಮಗನಿಗೆ ಮೂರು ಮೂರು ಸಲ ರಿಂಗ್ ಕೊಡುವವರೂ ನಾವೇ. ಆ ಕಡೆಯಿಂದ ಹಾರನ್ ಸದ್ದು ಕೇಳಿಸಿದರೆ, "ಗಾಡೀಲಿದ್ದೀಯಾ? ಇಡ್ತೀನಿ" ಅಂದು ಇಟ್ಟುಬಿಡಿ. ಕೊತ್ತಂಬರಿ ಇಲ್ಲದಿದ್ದರೂ ಸಾರು ಆಗುತ್ತದೆ.